ಬೆಂಗಳೂರಿನ ಆಪರೇಷನ್, ಹಾಸನದ ಅಡುಗೆಮನೆ: ತೂಕ ಇಳಿಸುವ ಪ್ಯಾಕೇಜಿನ ಒಳಹೊರಗು

ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಚಿಕ್ಕಮಗಳೂರಿನವರಿಗೆ ಅದರ ಮೇಲೆ ಇನ್ನೊಂದು 60. ಬೇರಿಯಾಟ್ರಿಕ್ ಪ್ಯಾಕೇಜು (ಜಠರ ಕಿರಿದು ಮಾಡಿ ತೂಕ ಇಳಿಸುವ ಆಪರೇಷನ್ನಿನದು) ಯಾವುದೇ ಆಸ್ಪತ್ರೆಯದಿರಲಿ, ನಾವು ಮೊದಲು ಲೆಕ್ಕ ಹಾಕುವುದು ಈ ದೂರವನ್ನೇ. ಥಿಯೇಟರಿನೊಳಗಿನ ಕೆಲಸ ಒಂದೆರಡು ಗಂಟೆಯದು, ಅದನ್ನು ಬೆಂಗಳೂರು ಮೈಸೂರಿನ ನುರಿತ ಸರ್ಜನ್‌ಗಳು ಚೆನ್ನಾಗಿಯೇ ಮಾಡುತ್ತಾರೆ. ಎಡವಟ್ಟಾಗುವುದು ನೆಲಮಂಗಲ ದಾಟಿ ಈಚೆ ಬಂದ ಮೇಲೆ: ಮನೆಯ ಅಡುಗೆಯಲ್ಲಿ, ಬೀದಿಯ ಮೆಡಿಕಲ್ ಸ್ಟೋರಿನಲ್ಲಿ, ಪಕ್ಕದ ಕ್ಲಿನಿಕ್ಕಿನ ಡ್ರಿಪ್ ಬಾಟಲಿಯಲ್ಲಿ. ಅದಕ್ಕೇ ಇಲ್ಲಿ ಅಂಕ ಕೊಡುವಾಗ ನಾವು ಹೆಚ್ಚಾಗಿ ನೋಡುವುದು ಡಿಸ್ಚಾರ್ಜ್ ಆದ ಮೇಲಿನ ಸೇವೆಯನ್ನು.

ಮೊದಲಿಗೆ, ಇದು ಯಾರಿಗೆ ಎಂಬ ಮಾತು. ತೂಕವನ್ನು ಕಿಲೋದಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಐದಡಿ ಐದಿಂಚಿನವರಿಗೆ (165 ಸೆಂ.ಮೀ.) ಬಿಎಂಐ 35 ಎಂದರೆ ಸುಮಾರು 95 ಕಿಲೋ, 40 ಎಂದರೆ ಸುಮಾರು 109 ಕಿಲೋ. 2022ರಲ್ಲಿ ಎರಡು ದೊಡ್ಡ ಸರ್ಜನ್ ಸಂಘಗಳು ಸೇರಿ ಬದಲಿಸಿದ ಮಾರ್ಗಸೂಚಿ, 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ ಬಿಡಲಿ ಆಪರೇಷನ್ ಸೂಚಿಸಬಹುದು ಎನ್ನುತ್ತದೆ. ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂಬುದೂ ಅದರಲ್ಲಿದೆ. ಆಸ್ಪತ್ರೆಗಳು ನಡೆಸುವ ಶಿಬಿರಗಳಲ್ಲಿ ಹೇಳುವುದು ಈ ಲೆಕ್ಕ. ಇನ್ಶೂರೆನ್ಸ್‌ನವರ ಲೆಕ್ಕವೇ ಬೇರೆ. ವಿಮೆ ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐನ 2019ರ ನಿಯಮದ ಪ್ರಕಾರ ವಯಸ್ಸು 18 ತುಂಬಿರಬೇಕು, ಡಾಕ್ಟರ ಸಲಹೆ ಇರಬೇಕು, ಬಿಎಂಐ 40 ಇರಬೇಕು. ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದಯದ ರೋಗ, ತೀವ್ರವಾದ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು) ಇಂಥದ್ದೇನಾದರೂ ಇದ್ದು, ಬೇರೆ ದಾರಿಗಳು ಫಲಿಸಿರಬಾರದು. ಬಿಎಂಐ 33 ಇರುವವರಿಗೆ ‘ಕ್ಲೇಮ್ ಆಗುತ್ತೆ ಸಾರ್, ನಾವು ಮಾಡಿಸಿ ಕೊಡ್ತೀವಿ’ ಎಂದು ಕೌಂಟರಿನಲ್ಲಿ ಹೇಳಿದರೆ ಲಿಖಿತ ಒಪ್ಪಿಗೆ ಬರುವ ತನಕ ಅಡ್ವಾನ್ಸ್ ಕಟ್ಟಬೇಡಿ.

ಭಾನುವಾರದ ಉಚಿತ ಶಿಬಿರ ತೂಕ ನೋಡಲು ಸಾಕು, ನಿರ್ಧಾರ ಮಾಡಲು ಸಾಲದು. ಹತ್ತು ನಿಮಿಷದಲ್ಲಿ ತಾರೀಖು ಕೊಡುವ ಕಡೆ ಹೋಗಬೇಡಿ. ಸರಿಯಾದ ತಂಡ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಥೈರಾಯ್ಡ್, ಲಿವರ್, ಬಿ12, ಡಿ, ಕಬ್ಬಿಣ ಎಲ್ಲ ನೋಡುತ್ತದೆ. ಪಿತ್ತಕೋಶದ ಕಲ್ಲಿಗೆ ಸ್ಕ್ಯಾನಿಂಗ್, ಎಂಡೋಸ್ಕೋಪಿ, ಎಕೋ, ಗೊರಕೆ ಇದ್ದರೆ ನಿದ್ರೆಯ ಪರೀಕ್ಷೆ, ಮನೋವೈದ್ಯರೊಂದಿಗೆ ಒಂದು ಮಾತುಕತೆ, ಇವೂ ಬೇಕು. ರಕ್ತಪರೀಕ್ಷೆ, ಎಕೋ, ಸ್ಕ್ಯಾನಿಂಗ್ ಹಾಸನದಲ್ಲೇ ಮಾಡಿಸಿಕೊಂಡು ಹೋಗಬಹುದು. ಕೆಲವು ಆಸ್ಪತ್ರೆಗಳು ಅದನ್ನು ಒಪ್ಪದೆ ಎಲ್ಲವನ್ನೂ ತಮ್ಮಲ್ಲೇ ಮತ್ತೆ ಮಾಡಿಸುತ್ತವೆ, ಮೊದಲೇ ಕೇಳಿಕೊಳ್ಳಿ. ಬೀಡಿ ಸಿಗರೇಟು ಕನಿಷ್ಠ ಆರು ವಾರ ಮುಂಚೆ ಪೂರ್ತಿ ನಿಲ್ಲಬೇಕು, ಹೊಗೆಸೊಪ್ಪು ಹಾಕಿದ ಎಲೆಅಡಿಕೆಯೂ ಅಷ್ಟೇ.

ಸ್ಲೀವೋ ಬೈಪಾಸೋ? ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಸ್ಟೇಪ್ಲರಿನಿಂದ ಕತ್ತರಿಸಿ ಹೊರಗೆ ತೆಗೆಯುತ್ತಾರೆ, ಉಳಿಯುವುದು ಬಾಳೆಕಾಯಿಯ ಆಕಾರದ ಒಂದು ಕೊಳವೆ. ಒಮ್ಮೆ ತೆಗೆದದ್ದನ್ನು ಮತ್ತೆ ಸೇರಿಸಲಾಗದು. ಬೈಪಾಸ್‌ನಲ್ಲಿ ಸುಮಾರು 30 ಮಿಲಿ ಹಿಡಿಯುವ ಸಣ್ಣ ಚೀಲ ಮಾಡಿ ನೇರ ಸಣ್ಣಕರುಳಿಗೆ ಜೋಡಿಸುತ್ತಾರೆ. ಎದೆಯುರಿ, ಹುಳಿತೇಗು ಮೊದಲಿನಿಂದಲೂ ಜೋರಾಗಿರುವವರಿಗೆ ಸ್ಲೀವ್‌ನಿಂದ ಅದು ಹೆಚ್ಚಾಗುವುದುಂಟು, ಅಂಥವರಿಗೆ ಸಾಮಾನ್ಯವಾಗಿ ಬೈಪಾಸೇ ಮೇಲು. ಹಳೆಯ ಸಕ್ಕರೆ ಕಾಯಿಲೆಯವರ ವಿಷಯದಲ್ಲೂ ಬೈಪಾಸ್ ಒಂದು ಹೆಜ್ಜೆ ಮುಂದೆ. ಆದರೆ ಅದರಲ್ಲಿ ವಿಟಮಿನ್ ಕೊರತೆ ಹೆಚ್ಚು, ಪಾಯಸ ಹೋಳಿಗೆ ತಿಂದರೆ ಬೆವರು, ಎದೆಬಡಿತ, ಭೇದಿ ಬರುವ ‘ಡಂಪಿಂಗ್’ ಕಾಟವೂ ಹೆಚ್ಚು. ಎಲ್ಲರಿಗೂ ಒಂದೇ ಆಪರೇಷನ್ ಹೇಳುವ ಸೆಂಟರಿಗೆ ನಾವು ಅಂಕ ಕೊಡುವುದಿಲ್ಲ. ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಮೌಂಜಾರೋ 2025ರ ಮಾರ್ಚಿನಲ್ಲಿ, ವೆಗೋವಿ ಅದೇ ವರ್ಷ ಜೂನಿನಲ್ಲಿ ಭಾರತಕ್ಕೆ ಬಂದವು. ಕೆಲಸ ಮಾಡುತ್ತವೆ, ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ವಾಪಸ್ ಬರುತ್ತದೆ. ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ತಪ್ಪದೆ ಹೇಳಿ, ಹೊಟ್ಟೆ ಖಾಲಿಯಾಗುವುದು ಅದರಿಂದ ನಿಧಾನವಾಗುತ್ತದೆ.

ಪ್ಯಾಕೇಜಿನ ಕಾಗದ ಓದುವಾಗ ಕಣ್ಣು ಸ್ಟೇಪ್ಲರ್ ಕಾರ್ಟ್ರಿಡ್ಜ್ (ಜಠರ ಹೊಲಿಯುವ ಪಿನ್ನುಗಳ, ಒಂದೇ ಸಲ ಬಳಸುವ ಪಟ್ಟಿ) ಸಾಲಿನ ಮೇಲಿರಲಿ. ಒಂದು ಸ್ಲೀವ್‌ಗೆ 60 ಮಿ.ಮೀ.ನವು ನಾಲ್ಕರಿಂದ ಆರು ಬೇಕಾಗುತ್ತವೆ. ‘ನಾಲ್ಕರ ತನಕ ಸೇರಿದೆ’ ಎಂದಿದ್ದರೆ ಐದನೆಯದರಿಂದ ಬಿಲ್ ಏರುತ್ತದೆ, ದುಡ್ಡು ಸಣ್ಣದಲ್ಲ. ಜಠರದ ಹೊಲಿಗೆ ಸೋರಿ ಮತ್ತೆ ಥಿಯೇಟರಿಗೆ ಹೋಗಬೇಕಾದರೆ ಖರ್ಚು ಯಾರದು, ಐಸಿಯು ದಿನಗಳು ಎಷ್ಟು, ಡಯಟೀಷಿಯನ್ ಎಷ್ಟು ತಿಂಗಳು ಫೋನಿಗೆ ಸಿಗುತ್ತಾರೆ, ಇವನ್ನೂ ಬರೆಸಿಕೊಳ್ಳಿ. ರೂಮಿನ ಟಿವಿ, ಅಟೆಂಡರ್ ಊಟ ಇವನ್ನೆಲ್ಲ ಬಣ್ಣಬಣ್ಣವಾಗಿ ಅಚ್ಚು ಹಾಕಿಸಿ, ಈ ನಾಲ್ಕನ್ನು ಬಾಯಿಮಾತಿನಲ್ಲಿ ಮುಗಿಸುವುದು ಸಾಮಾನ್ಯ.

ಆಪರೇಷನ್‌ಗೆ ಮುಂಚಿನ ಎರಡು ವಾರ ಅನ್ನ, ಮುದ್ದೆ, ಸಕ್ಕರೆ ಬಹುತೇಕ ನಿಲ್ಲಿಸಿ ಕಡಿಮೆ ಕ್ಯಾಲೊರಿಯ ಪಥ್ಯ ಇರುತ್ತದೆ. ಇದು ತೂಕ ಇಳಿಸಲಿಕ್ಕಲ್ಲ, ಲಿವರ್ ಕುಗ್ಗಿಸಲಿಕ್ಕೆ. ಕೊಬ್ಬು ತುಂಬಿದ ಲಿವರ್ ಜಠರದ ಮೇಲೆ ಕವುಚಿಕೊಂಡಿರುತ್ತದೆ, ಅದನ್ನು ಎತ್ತಿ ಹಿಡಿಯಲಾಗದಿದ್ದರೆ ಲ್ಯಾಪ್ರೋಸ್ಕೋಪಿ ಕಷ್ಟವಾಗುತ್ತದೆ. ‘ಆಮೇಲೆ ತಿನ್ನೋಕಾಗಲ್ಲ, ಈಗ್ಲೇ ತಿಂದ್ಕೊ’ ಎಂದು ಬೀಗರೂಟಕ್ಕೆ ಕರೆದುಕೊಂಡು ಹೋಗುವ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕು.

ಆಸ್ಪತ್ರೆಯಲ್ಲಿ ಎರಡು ಮೂರು ದಿನ. ಅದೇ ದಿನ ಸಂಜೆ ಎಬ್ಬಿಸಿ ನಡೆಸುತ್ತಾರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು. ಇಲ್ಲಿ ದೂರದ ಊರಿನವರು ಮಾಡುವ ತಪ್ಪು ಮೂರನೆಯ ದಿನವೇ ಕಾರು ಹತ್ತುವುದು. ಹೊಲಿಗೆಯ ಸೋರಿಕೆ ಬಹಳ ಸಲ ಮನೆಗೆ ಹೋದ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಸಾಧ್ಯವಿದ್ದರೆ ಮೊದಲ ಚೆಕಪ್ ಮುಗಿಯುವ ತನಕ, ಒಂದು ವಾರ ಹತ್ತು ದಿನ, ಬೆಂಗಳೂರಿನ ನೆಂಟರ ಮನೆಯಲ್ಲೇ ಉಳಿಯುವುದು ಒಳ್ಳೆಯದು. ಹೊರಟರೆ ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಬೇಕು: ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ. ಸೀಟ್ ಬೆಲ್ಟಿಗೂ ಹೊಟ್ಟೆಗೂ ನಡುವೆ ಮೆತ್ತನೆಯ ಸಣ್ಣ ದಿಂಬು ಇಟ್ಟುಕೊಳ್ಳಿ. ಕಾಲಿನ ಬಿಗಿ ಸಾಕ್ಸ್ ಬಿಚ್ಚಬೇಡಿ. ರಕ್ತ ತೆಳು ಮಾಡುವ ಇಂಜೆಕ್ಷನ್ ಮುಂದುವರಿಸಲು ಹೇಳಿದ್ದರೆ ಊರಿನಲ್ಲಿ ಯಾರು ಚುಚ್ಚುತ್ತಾರೆ ಎಂಬುದನ್ನು ಡಿಸ್ಚಾರ್ಜಿಗೆ ಮುಂಚೆಯೇ ಗೊತ್ತು ಮಾಡಿಕೊಳ್ಳಿ.

ಇನ್ನು ಡಯಟ್ ಚಾರ್ಟ್. ನಮ್ಮ ಮಟ್ಟಿಗೆ ಇಡೀ ಪ್ಯಾಕೇಜಿನ ಅತಿ ದುರ್ಬಲ ಭಾಗ ಇದು. ‘ಬ್ರೊಕೊಲಿ ಸೂಪ್, ಗ್ರೀಕ್ ಯೋಗರ್ಟ್, ಹಮ್ಮಸ್’ ಎಂದು ಅಚ್ಚಾದ ಹಾಳೆಯನ್ನು ಅರಕಲಗೂಡಿನ ಮನೆಯಲ್ಲಿ ಇಟ್ಟುಕೊಂಡು ಏನು ಮಾಡುವುದು? ಹಂತಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮೊದಲ ಒಂದೆರಡು ದಿನ ತಿಳಿ ನೀರು, ಎರಡು ವಾರದ ತನಕ ಸೋಸಿದ ದ್ರವ, ಮೂರು ನಾಲ್ಕನೆಯ ವಾರ ರುಬ್ಬಿದ್ದು, ಆರನೆಯ ವಾರದ ತನಕ ಮೆತ್ತಗಿನದು, ಆಮೇಲೆ ನಿಧಾನವಾಗಿ ಮಾಮೂಲಿ ಊಟ. ಇದನ್ನು ನಮ್ಮ ಅಡುಗೆಗೆ ಹೊಂದಿಸುವುದು ಸುಲಭ. ಎಳನೀರು, ಸೋಸಿದ ಬೇಳೆಕಟ್ಟು, ನೀರು ಮಜ್ಜಿಗೆ, ಹುರುಳಿಕಟ್ಟು, ಆಮೇಲೆ ತೆಳ್ಳಗಿನ ರಾಗಿ ಅಂಬಲಿ. ಬಟ್ಟೆಯಲ್ಲಿ ಸೋಸಿ, ಖಾರವಿಲ್ಲದೆ. ರುಬ್ಬುವ ಹಂತಕ್ಕೆ ಹಿತಕಿದ ಅವರೆಬೇಳೆಗಿಂತ ಒಳ್ಳೆಯದು ಸಿಗಲಿಕ್ಕಿಲ್ಲ: ಸಿಪ್ಪೆ ಹೋಗಿರುತ್ತದೆ, ಬೇಯಿಸಿ ಅರೆದರೆ ಬೆಣ್ಣೆ. ಅದು ಚಳಿಗಾಲದ ಸೊಗಡಿನ ಕಾಲಕ್ಕೆ ಮಾತ್ರ ಎನ್ನುವುದೇ ಕೊರತೆ.

ಕುಡಿಯುವುದಕ್ಕೆ ಲೋಟ ಬೇಡ. 30 ಮಿಲಿಯನ್ನು ಹದಿನೈದು ನಿಮಿಷಕ್ಕೊಮ್ಮೆ ಗುಟುಕರಿಸಬೇಕು. ಮಗುವಿಗೆ ಹಾಲು ಕುಡಿಸುವ ಒಳಲೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಗುರಿ. ಊಟದ ಜೊತೆ ನೀರು ಬೇಡ, ಆದ ಮೇಲೂ ಅರ್ಧ ಗಂಟೆ ಬೇಡ.

ಮುದ್ದೆಯ ವಿಷಯ ಬಿಡಿಸಿಯೇ ಹೇಳಬೇಕು. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವುದು. ಹೊಸ ಜಠರ ಕೇಳುವುದು ಇದಕ್ಕೆ ತದ್ವಿರುದ್ಧ, ಪ್ರತಿ ತುತ್ತನ್ನು ಇಪ್ಪತ್ತು ಮೂವತ್ತು ಸಲ ಅಗಿದು ಗಂಜಿ ಮಾಡಿ ಇಳಿಸು ಎಂದು. ನುಂಗಿದ ಮುದ್ದೆಯ ತುತ್ತು ಕಿರಿದಾದ ಕೊಳವೆಯಲ್ಲಿ ಸಿಕ್ಕಿಕೊಂಡು ಎದೆ ಹಿಂಡುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ವಾಂತಿಯಾಗುವ ತನಕ ಬಿಡುವುದಿಲ್ಲ. ಮೂರು ತಿಂಗಳ ಮೇಲೆ, ಡಯಟೀಷಿಯನ್ ಒಪ್ಪಿದರೆ, ನಿಂಬೆಹಣ್ಣಿನ ಗಾತ್ರದ್ದನ್ನು ಸಾರಿನಲ್ಲಿ ಕಲಸಿ ತಿನ್ನಬಹುದು. ಆಗಲೂ ಮೊದಲು ಕಾಳು, ಮೊಟ್ಟೆ, ಕೋಳಿ ತಿಂದು, ಕೊನೆಗೆ ಮುದ್ದೆ. ಜಾಗ ಇರುವುದೇ ನಾಲ್ಕು ತುತ್ತಿಗೆ, ಅದನ್ನು ಹಿಟ್ಟು ತುಂಬಿದರೆ ಪ್ರೋಟೀನಿಗೆ ಉಳಿಯುವುದಿಲ್ಲ. ಮೆತ್ತಗೆ ಬೆಂದ ಅನ್ನವೂ ಕೆಲವರಿಗೆ ಅಂಟಿಕೊಳ್ಳುತ್ತದೆ, ಅಕ್ಕಿರೊಟ್ಟಿಯನ್ನು ಗರಿಗರಿಯಾಗಿ ಬೇಯಿಸಿ ಚೆನ್ನಾಗಿ ಅಗಿದರೆ ಅದಕ್ಕಿಂತ ವಾಸಿ.

ಪ್ರೋಟೀನ್ ದಿನಕ್ಕೆ 60ರಿಂದ 80 ಗ್ರಾಂ ಬೇಕು. ಮೆತ್ತಗಿನ ಹಂತಕ್ಕೆ ಬಂದ ಮೇಲೆ, ಮಾಂಸ ತಿನ್ನದವರ ಒಂದು ದಿನ: ಅರ್ಧ ಲೀಟರ್ ನಂದಿನಿ ಹಾಲಿನಿಂದ ಸುಮಾರು 16, ಗಟ್ಟಿ ಮೊಸರು 200 ಗ್ರಾಂನಿಂದ 6ರಿಂದ 7, ಪನೀರ್ 50 ಗ್ರಾಂನಿಂದ 9, ಸಣ್ಣ ಬಟ್ಟಲು ಗಟ್ಟಿ ಬೇಳೆಯಿಂದ 6. ಮೊಟ್ಟೆ ತಿಂದರೆ ಒಂದಕ್ಕೆ 6. ಎಲ್ಲ ಕೂಡಿದರೂ 45ರ ಹತ್ತಿರ ನಿಲ್ಲುತ್ತದೆ, ಉಳಿದದ್ದಕ್ಕೆ ಪುಡಿ ಬೇಕೇ ಬೇಕು. ಆಸ್ಪತ್ರೆ ಫಾರ್ಮಸಿ ಕೊಡುವ ಡಬ್ಬವೇ ಆಗಬೇಕೆಂದಿಲ್ಲ. ಡಬ್ಬದ ಹಿಂದೆ ನೋಡಿ: 30 ಗ್ರಾಂ ಚಮಚದಲ್ಲಿ 24 ಗ್ರಾಂ ಪ್ರೋಟೀನ್ ಇದ್ದರೆ ಸರಿ, 10 ಇದ್ದರೆ ಅದು ಸಕ್ಕರೆ ಬೆರೆಸಿದ ಮಕ್ಕಳ ಪುಡಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ವೇ ಐಸೋಲೇಟ್ (ಹಾಲಿನ ಸಕ್ಕರೆ ಬಹುತೇಕ ತೆಗೆದ ಪುಡಿ) ಕೇಳಿ. ಕುದಿಯುವ ಹಾಲಿಗೆ ಹಾಕಿದರೆ ಗಂಟುಗಂಟಾಗುತ್ತದೆ, ಉಗುರುಬೆಚ್ಚಗಿರುವಾಗ ಕಲಸಿ.

ಕಾಫಿ. ಚಿಕ್ಕಮಗಳೂರಿನವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಮೊದಲ ತಿಂಗಳು ಬೇಡ. ಆಮೇಲೂ ಕಬ್ಬಿಣದ ಮಾತ್ರೆಯ ಆಸುಪಾಸಿನ ಎರಡು ಗಂಟೆ ಕಾಫಿ, ಟೀ, ಹಾಲು ಯಾವುದೂ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ.

ಮೆಡಿಕಲ್ ಸ್ಟೋರಿನಲ್ಲಿ ಕ್ಯಾಲ್ಸಿಯಂ ಎಂದರೆ ಕೈಗೆ ಬರುವುದು ಹೆಚ್ಚಾಗಿ ಕಾರ್ಬೊನೇಟ್. ಅದು ಕರಗಲು ಜಠರದ ಆಮ್ಲ ಬೇಕು, ಈಗ ಅದು ಕಡಿಮೆ. ‘ಸಿಟ್ರೇಟ್’ ಎಂದು ಕೇಳಿ ತೆಗೆದುಕೊಳ್ಳಿ, ಒಳಗಿರುವ ಕ್ಯಾಲ್ಸಿಯಂ ಲೆಕ್ಕದಲ್ಲಿ ದಿನಕ್ಕೆ 1200ರಿಂದ 1500 ಮಿ.ಗ್ರಾಂ., ಎರಡು ಮೂರು ಪಾಲು ಮಾಡಿ, ಕಬ್ಬಿಣದಿಂದ ಎರಡು ಗಂಟೆ ದೂರ. ಬಿ12 ಬೇಕಾದರೆ ತಿಂಗಳಿಗೊಂದು 1000 ಮೈಕ್ರೋಗ್ರಾಂ ಇಂಜೆಕ್ಷನ್, ಊರಿನ ಯಾವ ಕ್ಲಿನಿಕ್ಕಿನಲ್ಲಾದರೂ ಆಗುತ್ತದೆ. ಇವು ಆರು ತಿಂಗಳ ಕೋರ್ಸ್ ಅಲ್ಲ, ಜೀವನಪೂರ್ತಿ. ಪಿತ್ತದ ಕಲ್ಲು ಆಗದಿರಲು ಕೊಡುವ ಮಾತ್ರೆಗೆ ಮಾತ್ರ ಸಾಮಾನ್ಯವಾಗಿ ಆರು ತಿಂಗಳ ಲೆಕ್ಕ. ಸಕ್ಕರೆ, ಬಿಪಿ ಮಾತ್ರೆಗಳನ್ನು ಹಳೆಯ ಅಳತೆಯಲ್ಲೇ ನುಂಗುತ್ತಿದ್ದರೆ ತಲೆಸುತ್ತಿ ಬೀಳುವ ದಿನ ದೂರವಿಲ್ಲ, ಮೊದಲ ವಾರವೇ ಅಳತೆ ಬದಲಾಗಬೇಕು. ಎಸ್‌ಆರ್, ಎಕ್ಸ್‌ಆರ್ ಎಂದು ಬರೆದ, ನಿಧಾನವಾಗಿ ಕರಗುವ ಮಾತ್ರೆ ಪುಡಿ ಮಾಡಬಾರದು, ಬದಲಿ ಬರೆಸಿಕೊಳ್ಳಿ. ಸೊಂಟನೋವಿಗೆ ಡೈಕ್ಲೋಫೆನಾಕ್, ಬ್ರೂಫೆನ್ ಬೇಡ, ಅದರಲ್ಲೂ ಬೈಪಾಸ್ ಆದವರಿಗೆ ಅಲ್ಸರ್ ಮಾಡುತ್ತವೆ, ಪ್ಯಾರಸಿಟಮಾಲ್ ಸಾಕು. ಮೂರನೆಯ ತಿಂಗಳಿನಿಂದ ಕೂದಲು ಉದುರುವುದು ಬಹಳ ಜನರಿಗೆ ಆಗುತ್ತದೆ, ಪ್ರೋಟೀನ್, ಕಬ್ಬಿಣ ಸರಿಯಿದ್ದರೆ ಮತ್ತೆ ಬರುತ್ತದೆ, ಎಣ್ಣೆಗೆ ದುಡ್ಡು ಸುರಿಯಬೇಡಿ. ಹೆಣ್ಣುಮಕ್ಕಳು 12ರಿಂದ 18 ತಿಂಗಳು ಬಸಿರು ಮುಂದೂಡಬೇಕು.

ಪ್ಯಾಕೇಜ್ ಹೇಳಿಕೊಡದೆ ಬಿಡುವ ಇನ್ನೊಂದು ವಿಷಯ ಡ್ರಿಪ್. ದಿನಗಟ್ಟಲೆ ವಾಂತಿಯಾದರೆ ಮೈಯಲ್ಲಿರುವ ಥಯಾಮಿನ್, ಅಂದರೆ ಬಿ1, ಬೇಗ ಮುಗಿಯುತ್ತದೆ. ಆಗ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ‘ಒಂದು ಬಾಟ್ಲು ಗ್ಲೂಕೋಸ್ ಹಾಕಿಸಿಕೊಂಡು ಬರೋಣ’ ಎಂದರೆ, ಆ ಗ್ಲೂಕೋಸ್ ಉಳಿದ ಬಿ1ನ್ನೂ ಖಾಲಿ ಮಾಡಿ ಮೆದುಳಿಗೆ ಪೆಟ್ಟು ಕೊಡಬಲ್ಲದು: ಕಣ್ಣು ಮಂಜು, ನಡಿಗೆ ತೂರಾಟ, ಗೊಂದಲ. ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಮೂಗಿನಿಂದ ಜಠರಕ್ಕೆ ರೈಲ್ಸ್ ಟ್ಯೂಬ್ ಎಂಬ ಕೊಳವೆಯನ್ನು ಕುರುಡಾಗಿ ಇಳಿಸಲೂ ಬಿಡಬಾರದು, ಹೊಲಿಗೆ ಹರಿಯಬಹುದು.

ಕೂತಲ್ಲೇ ನಾಡಿ 120 ದಾಟುವುದು, ಜ್ವರ, ಎಡಭುಜದಲ್ಲಿ ನೋವು, ಉಸಿರು ಕಟ್ಟುವುದು, ಮೀನಖಂಡದಲ್ಲಿ ಒಂದೇ ಕಡೆ ಊತ, ಇವುಗಳಲ್ಲಿ ಯಾವುದಾದರೂ ಕಂಡರೆ ‘ಗ್ಯಾಸ್ ಇರಬೇಕು’ ಎಂದು ಜೀರಿಗೆ ಕಷಾಯ ಕುಡಿಸಿ ಬೆಳಗಿನ ತನಕ ಕಾಯಬಾರದು. ಹತ್ತಿರದ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ಸರ್ಜನ್‌ಗೆ ಫೋನ್ ಹಚ್ಚಿಸಿ. ಒಳ್ಳೆಯ ಸೆಂಟರ್‌ಗಳು ರಾತ್ರಿ ಎತ್ತುವ ನಂಬರ್ ಕೊಟ್ಟಿರುತ್ತವೆ. ಸೇರುವ ಮುಂಚೆ ಒಂದು ರಾತ್ರಿ ಹತ್ತು ಗಂಟೆಗೆ ಆ ನಂಬರಿಗೆ ಕರೆ ಮಾಡಿ ನೋಡಿ. ನಮ್ಮ ಪ್ರಕಾರ ಬ್ರೋಷರಿಗಿಂತ ನಂಬಬಹುದಾದ ಪರೀಕ್ಷೆ ಅದು.

ಇಂಥ ಪ್ಯಾಕೇಜುಗಳಿಗೆ ಒಟ್ಟಾರೆ ನಮ್ಮ ಅಂಕ: ಶಸ್ತ್ರಕ್ರಿಯೆಗೆ ಹತ್ತಕ್ಕೆ ಒಂಬತ್ತು, ಬಿಲ್ಲಿನ ಸ್ಪಷ್ಟತೆಗೆ ಐದು, ಡಯಟ್ ಚಾರ್ಟಿಗೆ ಮೂರು. ಊರಿನ ಡಾಕ್ಟರಿಗೆ ಕೊಡಲೆಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಪುಟ (ಯಾವ ಆಪರೇಷನ್, ಯಾವ ದಿನ, ಥಯಾಮಿನ್ ಮೊದಲು, ಡೈಕ್ಲೋ ಬೇಡ, ಟ್ಯೂಬ್ ಬೇಡ) ಬರೆದುಕೊಡುವ ಸೆಂಟರ್ ಸಿಕ್ಕರೆ ಎರಡು ಅಂಕ ಹೆಚ್ಚು. ಸಿಗದಿದ್ದರೆ ಡಿಸ್ಚಾರ್ಜ್ ದಿನ ನೀವೇ ಬರೆದು ಸರ್ಜನ್ ಸಹಿ ಹಾಕಿಸಿಕೊಳ್ಳಿ, ಲ್ಯಾಮಿನೇಷನ್‌ಗೆ ಹಾಸನದ ಬಸ್ ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯಲ್ಲಿ ಐದು ನಿಮಿಷ ಸಾಕು.