ಕುಷ್ಟಗಿ ಕಡೆಯ ಹೊಲದ ಮನೆಯಲ್ಲಿ ಲಿಥಿಯಂ ಬ್ಯಾಟರಿ: ಚಳಿಗೆ ಹೆದರಬೇಕಾ?

ದೀಪಾವಳಿ ಮುಗಿದು ಬೆಳಗಿನ ಗಾಳಿ ತಣ್ಣಗಾದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಥಂಡಿಗೆ ಲಿಥಿಯಂ ಬ್ಯಾಟ್ರಿ ಕೆಡ್ತೈತಂತಲ್ರಿ, ಖರೇ ಏನು?" ಮೂರ್ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಕುಷ್ಟಗಿ ತಾಲ್ಲೂಕಿನಲ್ಲಿ ನಮ್ಮದು ದಾಳಿಂಬೆ ತೋಟ. ಹಣ್ಣು ಬಲಿಯುವ ಹೊತ್ತಿಗೆ ರಾತ್ರಿ ಕಾವಲು ಬೇಕೇ ಬೇಕು. ಪಂಪಿನ ತ್ರೀ ಫೇಸ್ ಹೋದ ಮೇಲೆ ಹೊಲದ ಮನೆಯಲ್ಲಿ ಕತ್ತಲೆ. ಅದಕ್ಕೇ ಸೋಲಾರ್ ಹಾಕಿಸಿದ್ದು. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್, 200 ಎಎಚ್. ಅಂದರೆ ಸುಮಾರು ಎರಡೂವರೆ ಯೂನಿಟ್. ಮೇಲೆ 400 ವಾಟ್‌ನ ಎರಡು ಪ್ಯಾನೆಲ್, ಪ್ಯಾನೆಲ್‌ನ ಕರೆಂಟನ್ನು ಬ್ಯಾಟರಿಗೆ ಹೊಂದಿಸಿ ಚಾರ್ಜ್ ಮಾಡುವ ಒಂದು ಎಂಪಿಪಿಟಿ ಕಂಟ್ರೋಲರ್, ಒಂದು ಇನ್ವರ್ಟರ್. ಲೈಟು, ಕಡಿಮೆ ಕರೆಂಟ್ ತಿನ್ನುವ ಎರಡು ಬಿಎಲ್‌ಡಿಸಿ ಫ್ಯಾನ್, ಕ್ಯಾಮೆರಾ, ಟಿವಿ, ಬೆಳಿಗ್ಗೆ ಚಟ್ನಿಗೆ ಮಿಕ್ಸರ್, ಎಲ್ಲಾ ಆರಾಮಾಗಿ ನಡೆಯುತ್ತದೆ. ಬೋರ್‌ವೆಲ್ ಪಂಪ್ ಓಡಿಸುವ ಆಸೆ ಇದ್ದರೆ ಬಿಟ್ಟುಬಿಡಿ. 5 ಎಚ್‌ಪಿ ಅಂದರೆ 3.7 ಕಿಲೋವಾಟ್, ಅದರ ಲೆಕ್ಕವೇ ಬೇರೆ.

ಈಗ ಚಳಿಯ ವಿಷಯ. ಅಂಗಡಿಯವರು ಒಳಗೇ ಹೀಟರ್ ಇರುವ ಮಾಡೆಲ್ ತೋರಿಸಿದ್ದರು. "ಸರ, ಡಿಸೆಂಬರ್ ಥಂಡಿಗೆ ಸಾದಾ ಬ್ಯಾಟ್ರಿ ಕೂತುಬಿಡ್ತೈತಿ, ಇದನ್ನ ತಗೊಳ್ರಿ" ಅಂತ ಒತ್ತಾಯ. ನಾನು ತೊಗೊಳ್ಳಲಿಲ್ಲ. ನಮ್ಮ ದೊಡ್ಡಪ್ಪನ ಮಗ ಲಡಾಖ್‌ನ ಲೇಹ್‌ನಲ್ಲಿ ಕೆಲಸದಲ್ಲಿದ್ದವನು. ನಿಜವಾದ ಚಳಿ ಏನು ಮಾಡುತ್ತದೆ ಅಂತ ಅವನ ಬಾಯಲ್ಲಿ ಕೇಳಿದ್ದೆ. ಅಲ್ಲಿ ಜನವರಿ ರಾತ್ರಿ ಮೈನಸ್ 15ರ ಆಸುಪಾಸಿಗೆ ಹೋಗುವುದು ಮಾಮೂಲು. ಅಂಥ ಚಳಿಯಲ್ಲೂ ಈ ಬ್ಯಾಟರಿ ಕರೆಂಟ್ ಕೊಡುತ್ತದೆ, ಕಡಿಮೆ ಕೊಡುತ್ತದೆ ಅಷ್ಟೇ. ತೊಂದರೆ ಇರುವುದು ಚಾರ್ಜ್ ಮಾಡುವಾಗ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಬ್ಯಾಟರಿಯೊಳಗಿನ ಗ್ರ್ಯಾಫೈಟ್ ಪದರದ ಒಳಗೆ ಇಳಿಯದೆ ಮೇಲ್ಮೈ ಮೇಲೇ ಲೋಹವಾಗಿ ಕೂರುತ್ತದೆ. ಹಾಗೆ ಕೂತದ್ದು ಪೂರ್ತಿ ವಾಪಸ್ ಬರುವುದಿಲ್ಲ. ಕೆಪಾಸಿಟಿ ಕಾಯಂ ಆಗಿ ಇಳಿಯುತ್ತದೆ, ಒಳಗೇ ಶಾರ್ಟ್ ಆಗುವ ಭಯವೂ ಉಂಟು. ಹಾಗಾಗಿ ಅಲ್ಲಿನವರು ಬ್ಯಾಟರಿಯನ್ನು ಜನ ಮಲಗುವ ಕೋಣೆಯಲ್ಲೇ, ಥರ್ಮೋಕೋಲ್ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತಿದ್ದರಂತೆ. ಹೀಟರ್ ಇರುವ ಬ್ಯಾಟರಿ ಆದರೆ ಬಿಸಿಲು ಬಂದ ಕೂಡಲೇ ಮೊದಲ ಕರೆಂಟ್ ಹೀಟರ್‌ಗೆ ಹೋಗುತ್ತದೆ. ಸೆಲ್ ಬೆಚ್ಚಗಾದ ಮೇಲೆ ಚಾರ್ಜ್ ಶುರು. ಅಲ್ಲಿಗೆ ಅದು ಸರಿ.

ಕುಷ್ಟಗಿಯಲ್ಲಿ? ಚಳಿ ಜೋರಿದ್ದ ಒಂದು ಬೆಳಿಗ್ಗೆ ಹೊರಗೆ 13 ಡಿಗ್ರಿ ಇತ್ತು. ಕಂಬಳಿ ಹೊದ್ದುಕೊಂಡೇ ಮೊಬೈಲಿನಲ್ಲಿ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ಆ್ಯಪ್ ತೆರೆದು ನೋಡಿದೆ. ಸೆಲ್ 19 ಡಿಗ್ರಿ ತೋರಿಸುತ್ತಿತ್ತು. ಸೊನ್ನೆಯ ಹತ್ತಿರಕ್ಕೂ ಇಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಇದೇ ಕಥೆ. ಹೀಟರ್‌ಗೆ ಕೊಡುವ ಜಾಸ್ತಿ ದುಡ್ಡು ಸುಮ್ನೆ ದಂಡ.

ಆದರೆ ಚಳಿ ನಮ್ಮಲ್ಲಿ ಒಂದು ಕಡೆ ಮಾತ್ರ ಕೈ ಕೊಡಬಹುದು. ಇದನ್ನು ಯಾವ ಅಂಗಡಿಯವರೂ ಹೇಳಲಿಲ್ಲ. ಪ್ಯಾನೆಲ್ ತಣ್ಣಗಾದಷ್ಟೂ ಅದರ ವೋಲ್ಟೇಜ್ ಏರುತ್ತದೆ. ನನ್ನ ಪ್ಯಾನೆಲ್ ಹಿಂದಿನ ಚೀಟಿಯಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಏನೂ ಜೋಡಿಸದಾಗಿನ ವೋಲ್ಟೇಜ್, 49 ಚಿಲ್ಲರೆ. ಅದು 25 ಡಿಗ್ರಿಯ ಲೆಕ್ಕ. ತಂತಿ ಉಳಿಯುತ್ತದೆ ಅಂತ ಎರಡನ್ನೂ ಸೀರೀಸ್‌ನಲ್ಲಿ ಕಟ್ಟಲು ಎಲೆಕ್ಟ್ರಿಷಿಯನ್ ಹೊರಟಿದ್ದ. ಎರಡು ಸೇರಿದರೆ 98 ದಾಟುತ್ತದೆ. ಕಂಟ್ರೋಲರ್ ತಡೆಯುವುದು 100. ಒಂದು ಡಿಗ್ರಿ ಇಳಿದರೆ ವೋಲ್ಟೇಜ್ ಶೇಕಡಾ 0.3ರ ಹತ್ತಿರ ಏರುತ್ತದೆ. 13 ಡಿಗ್ರಿಯ ಬೆಳಿಗ್ಗೆ ಪ್ಯಾನೆಲ್ ಮೇಲೆ ಬಿಸಿಲು ಬಿದ್ದ ಗಳಿಗೆಯಲ್ಲಿ 101 ಆಗಬಹುದು. ಕಂಟ್ರೋಲರ್ ಸುಟ್ಟರೆ ಇಂಥದ್ದಕ್ಕೆ ವಾರಂಟಿಯೂ ಸಿಗಲ್ಲ. "ಬ್ಯಾಡಪ್ಪಾ, ಪ್ಯಾರಲಲ್ ಹಾಕು" ಅಂದೆ. ಗೊಣಗುತ್ತಲೇ ಹಾಕಿದ. ಪ್ಯಾರಲಲ್‌ನಲ್ಲಿ ವೋಲ್ಟೇಜ್ ಕೂಡುವುದಿಲ್ಲ, ಒಂದು ಪ್ಯಾನೆಲ್ಲಿನಷ್ಟೇ ಇರುತ್ತದೆ. ಸೀರೀಸ್ ಬೇಕೇ ಬೇಕು ಅನ್ನುವವರು 150 ವೋಲ್ಟ್ ತಡೆಯುವ ಕಂಟ್ರೋಲರ್ ತೊಗೊಳ್ಳಿ.

ಡಿಸೆಂಬರ್‌ನಲ್ಲಿ ಚಾರ್ಜ್ ಕಡಿಮೆ ಆಯಿತು ಅಂತ ಬ್ಯಾಟರಿಯನ್ನು ಬೈಯುವ ಮುಂಚೆ ಒಮ್ಮೆ ಮೇಲೆ ಹತ್ತಿ ನೋಡಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬೇಸಿಗೆಯಲ್ಲಿ ಪ್ಯಾನೆಲ್‌ಗೆ ತಾಕದ ನಮ್ಮ ಬೇವಿನ ಮರದ ನೆರಳು ಚಳಿಗಾಲದಲ್ಲಿ ಒಂಬತ್ತು ಗಂಟೆಯವರೆಗೂ ಒಂದು ಮೂಲೆ ಹಿಡಿದು ಕೂತಿರುತ್ತದೆ. ಎರಡು ಕೊಂಬೆ ಸವರಿದ್ದಕ್ಕೆ ಸರಿಹೋಯಿತು. ಇಬ್ಬನಿ ಬೇರೆ. ಹೊಲದ ಧೂಳಿನ ಜೊತೆ ಸೇರಿ ಇಳಿದು, ಪ್ಯಾನೆಲ್ಲಿನ ಕೆಳಗಿನ ಅಂಚಿನಲ್ಲಿ ಬೆರಳಗಲ ಕೆಸರಿನ ಪಟ್ಟಿ ಕಟ್ಟುತ್ತದೆ. ಬಿಸಿಲೇರುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸುಲಭಕ್ಕೆ ಹೋಗುತ್ತದೆ. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಮಾತ್ರ ಸುರಿಯಬೇಡಿ.

ನಮ್ಮ ಕಡೆ ಬ್ಯಾಟರಿಯ ಶತ್ರು ಏಪ್ರಿಲ್, ಮೇ. ಫಿಟ್ ಮಾಡಲು ಬಂದ ಹುಡುಗರು ಪಂಪಿನ ತಗಡಿನ ಶೆಡ್ಡಿನಲ್ಲೇ ಇಟ್ಟು ಹೋಗಿದ್ದರು. ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನ ಸೆಲ್ 46 ಡಿಗ್ರಿ ತೋರಿಸಿತು. ತುಂಬಾ ಬ್ಯಾಟರಿಗಳ ಕೈಪಿಡಿಯಲ್ಲಿ ಚಾರ್ಜಿಂಗ್‌ಗೆ ಮೇಲಿನ ಮಿತಿ 45 ಅಂತಲೇ ಇರುತ್ತದೆ. ಅವತ್ತೇ ಜೋಳದ ಚೀಲ ಇಡುವ ಕಲ್ಲುಗೋಡೆಯ ಕೋಣೆಗೆ ಸಾಗಿಸಿದೆ. ಒಬ್ಬನೇ ಎತ್ತಿಟ್ಟೆ. ಹಳೆಯ ಟ್ಯೂಬುಲರ್ ಲೆಡ್ ಆ್ಯಸಿಡ್ ಬ್ಯಾಟರಿ ಆಗಿದ್ದರೆ ಇಬ್ಬರು ಬೇಕಿತ್ತು. ಆ ಕೋಣೆಯಲ್ಲಿ ಕಡು ಬೇಸಿಗೆಯಲ್ಲೂ 36, 37 ದಾಟಿಲ್ಲ. ಬಿಸಿಯಲ್ಲಿ, ಅದೂ ಫುಲ್ ಚಾರ್ಜ್ ಆಗಿ ಕೂತರೆ, ಸೆಲ್‌ಗೆ ಬೇಗ ವಯಸ್ಸಾಗುತ್ತದೆ. ಹಾಗಾಗಿ ಬೇಸಿಗೆಗೆ ಕಂಟ್ರೋಲರ್‌ನಲ್ಲಿ ಚಾರ್ಜಿಂಗ್‌ನ ಮೇಲಿನ ಮಿತಿ 14.2 ವೋಲ್ಟ್ ಇದ್ದದ್ದನ್ನು 14ಕ್ಕೆ ಇಳಿಸುತ್ತೇನೆ. ವೋಲ್ಟೇಜ್ ಏರಿಸಿ ಚಾರ್ಜ್ ಮಾಡುವ ಈಕ್ವಲೈಸ್ ಅನ್ನುವ ಸೆಟ್ಟಿಂಗ್ ಲೆಡ್ ಆ್ಯಸಿಡ್‌ಗೆ ಇರುವುದು, ಅದು ಆಫ್ ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ.

ದೂರುಗಳೂ ಇವೆ. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಇದರಲ್ಲಿ ಆಗುವುದಿಲ್ಲ. ಮುಕ್ಕಾಲು ಇದ್ದರೂ, ಕಾಲು ಭಾಗ ಇದ್ದರೂ ಮೀಟರ್ 13ರ ಆಚೀಚೆಯೇ ತೋರಿಸುತ್ತದೆ. ಆ್ಯಪ್ ಹೇಳುವ ಪರ್ಸೆಂಟೂ ಬರಬರುತ್ತಾ ದಾರಿ ತಪ್ಪುತ್ತದೆ. ಮಳೆಗಾಲದ ಮೋಡದಲ್ಲಿ ದಿನಗಟ್ಟಲೆ ಫುಲ್ ಆಗದೆ ಹೋದಾಗ ಶೇಕಡಾ 30 ತೋರಿಸುತ್ತಿದ್ದದ್ದು ಪಕ್ಕನೆ ಆಫ್ ಆಗಿ ಮನೆಯವರೆಲ್ಲ ಕತ್ತಲಲ್ಲಿ ಊಟ ಮಾಡಿದ್ದೂ ಉಂಟು. ಒಮ್ಮೆ ಪೂರ್ತಿ ಚಾರ್ಜ್ ಆದರೆ ಲೆಕ್ಕ ಸರಿಯಾಗುತ್ತದೆ. ಸರ್ವಿಸ್‌ಗೆ ಫೋನ್ ಮಾಡಿದರೆ "ನಾಳೆ ಬರ್ತೀವಿ ಸರ್" ಅಂತಾರೆ. ಆ ನಾಳೆ ಬರಲು ವಾರ ಹಿಡಿಯುತ್ತದೆ. ಉಳಿದಂತೆ ಡಿಸ್ಟಿಲ್ಡ್ ವಾಟರ್ ಇಲ್ಲ, ಆ್ಯಸಿಡ್ ವಾಸನೆ ಇಲ್ಲ, ರಾತ್ರಿಯ ಬ್ಯಾಕಪ್‌ನಲ್ಲಿ ನನಗೆ ಗೊತ್ತಾಗುವಷ್ಟು ಇಳಿಕೆಯೂ ಇಲ್ಲ.

ಈಗ ನಮ್ಮ ಭಾವನವರು ಯಲಬುರ್ಗಾದ ಹೊಲಕ್ಕೆ ಇದೇ ಬೇಕು ಅನ್ನುತ್ತಿದ್ದಾರೆ. ಹೀಟರ್ ಇಲ್ಲದ್ದೇ ತೊಗೊಳ್ಳಿ, ಆದರೆ 12ರ ಬದಲು 24 ವೋಲ್ಟ್‌ನದು ನೋಡಿ ಅಂದಿದ್ದೇನೆ. ನನ್ನದರಲ್ಲಿ 800 ವಾಟ್‌ಗೆ 60 ಆ್ಯಂಪಿಯರ್ ಮೇಲೆ ಹರಿಯುತ್ತದೆ, ತಂತಿ ದಪ್ಪ ಬೇಕು, ತಂತಿಯ ತುದಿಯ ಲಗ್ ಸ್ವಲ್ಪ ಸಡಿಲಾದರೂ ಬಿಸಿಯಾಗುತ್ತದೆ. 24ರಲ್ಲಿ ಅದರ ಅರ್ಧಕ್ಕೆ ಮುಗಿಯುತ್ತದೆ.