ಸ್ಪೆಂಟ್‌ವಾಶ್ ಹೊಂಡಕ್ಕೆ 1.5 ಮಿ.ಮೀ. ಎಚ್‌ಡಿಪಿಇ ಹಾಸು: ಆರು ಹಂಗಾಮುಗಳ ಅನುಭವ

ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಲ್ಲಿ ತ್ಯಾಜ್ಯ ನೀರಿನ ಘಟಕವನ್ನು ನೋಡಿಕೊಳ್ಳುವ ನಾನು, ಸ್ಪೆಂಟ್‌ವಾಶ್ (ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ಕಂದು ತ್ಯಾಜ್ಯ ದ್ರವ) ಹೊಂಡಕ್ಕೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಈ ಹಾಳೆಯನ್ನು ಹಾಸಿಸಿ ಆರು ಹಂಗಾಮು ಕಳೆದಿವೆ. ಹಾಳೆಯ ಬಗ್ಗೆ ನನಗೆ ದೂರಿಲ್ಲ. ಹಾಸುವ ಕೆಲಸದ ಬಗ್ಗೆ ಹೇಳುವುದು ಬಹಳ ಇದೆ.

ಇದಕ್ಕೂ ಮೊದಲು ಅಲ್ಲಿ ಪಿವಿಸಿ ಹಾಳೆ ಇತ್ತು. ನಾಲ್ಕನೆಯ ಬೇಸಿಗೆಯ ಹೊತ್ತಿಗೆ ದ್ರವದ ಮಟ್ಟಕ್ಕಿಂತ ಮೇಲಿದ್ದ ಇಳಿಜಾರಿನ ಭಾಗ ಪೆಡಸಾಗಿ ಸೀಳತೊಡಗಿತು. ಪಿವಿಸಿಯನ್ನು ಮೆತ್ತಗಿಡಲು ಬೆರೆಸುವ ರಾಸಾಯನಿಕವು ಬಿಸಿಲಿಗೆ ಕ್ರಮೇಣ ಹೊರಟುಹೋಗುವುದೇ ಇದಕ್ಕೆ ಕಾರಣ. ಎಚ್‌ಡಿಪಿಇಯಲ್ಲಿ ಅಂಥ ಮಿಶ್ರಣವಿಲ್ಲ, ಅದರಲ್ಲಿರುವ ಶೇ. 2ರಿಂದ 3ರಷ್ಟು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿ ಬಿಸಿಲನ್ನು ತಡೆಯುತ್ತದೆ. ಇಪಿಡಿಎಂ ರಬ್ಬರ್ ಕೂಡ ಬಿಸಿಲಿಗೆ ತಾಳುತ್ತದೆಯಾದರೂ ಎಣ್ಣೆ, ಡೀಸೆಲ್ ತಾಗಿದರೆ ಉಬ್ಬುವುದರಿಂದ ಅದನ್ನು ಕೈಬಿಟ್ಟೆವು.

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಬೇಕು. ಕೃಷಿ ಹೊಂಡಗಳಿಗೆ ಹಾಕುವ 500 ಮೈಕ್ರಾನ್‌ನ ಹೊದಿಕೆಯನ್ನೂ ವ್ಯಾಪಾರಿಗಳು ಎಚ್‌ಡಿಪಿಇ ಎಂದೇ ಕರೆಯುತ್ತಾರೆ. ಅದು ನೇಯ್ದ ಬಟ್ಟೆಗೆ ಲೇಪನ ಕೊಟ್ಟದ್ದು. ಮಳೆನೀರಿಗೆ ಸಾಕು, ರಾಸಾಯನಿಕಕ್ಕೆ ಅಲ್ಲ.

ಸ್ಪೆಂಟ್‌ವಾಶ್‌ನ ಆಮ್ಲತೆಗೆ, ಅಂದರೆ ಪಿಎಚ್ 4ರ ಆಸುಪಾಸಿಗೆ, ಎಚ್‌ಡಿಪಿಇ ಜಗ್ಗುವುದಿಲ್ಲ. ಅದನ್ನು ಹಾಳುಮಾಡುವುದು ಬಿಸಿ. ಬಟ್ಟಿ ಇಳಿಸುವ ಕಾಲಂನಿಂದ ಕುದಿಯುವಷ್ಟರ ಹತ್ತಿರದ ಬಿಸಿಯಲ್ಲಿ ಹೊರಬರುವ ದ್ರವವನ್ನು ನೇರವಾಗಿ ಹೊಂಡಕ್ಕೆ ಬಿಟ್ಟರೆ ಹಾಳೆಯೊಳಗಿನ ರಕ್ಷಕ ದ್ರವ್ಯ ಬೇಗ ತೀರಿಹೋಗುತ್ತದೆ. ಆದ್ದರಿಂದ ನಾವು 45 ಡಿಗ್ರಿಗಿಂತ ಕೆಳಗೆ ತಣಿಸಿಯೇ ಬಿಡುತ್ತೇವೆ.

ಇದೇ ಹಾಳೆಯ ದೊಡ್ಡ ತೊಂದರೆ ಎಂದರೆ ಅದು ಬಿಸಿಲಿಗೆ ಹಿಗ್ಗುವುದು. 60 ಮೀಟರ್ ಉದ್ದದ ಹಾಳೆಯ ಬಿಸಿ 30 ಡಿಗ್ರಿ ಏರಿದರೆ ಸುಮಾರು 36 ಸೆಂ.ಮೀ. ಬೆಳೆಯುತ್ತದೆ. ಮಧ್ಯಾಹ್ನ ಬಿಗಿಯಾಗಿ ಹಾಸಿ ಬೆಸೆದದ್ದು ಬೆಳಗಿನ ಜಾವದ ತಂಪಿಗೆ ಕುಗ್ಗಿ ಬೆಸುಗೆಯನ್ನೇ ಎಳೆಯುತ್ತದೆ. ಬೆಸುಗೆಯ ಕೆಲಸವನ್ನು ನಸುಕಿನಲ್ಲಿ ಮಾಡಿಸಿ, ಎರಡು ಸಾಲು ಬೆಸುಗೆಯ ನಡುವಿನ ಕೊಳವೆಗೆ ಗಾಳಿ ತುಂಬಿ ಒತ್ತಡ ಇಳಿಯುತ್ತದೆಯೇ ಎಂದು ಪ್ರತಿ ಜೋಡಣೆಯಲ್ಲೂ ನೋಡಿದೆವು.

ಆದರೂ ಮೂರನೆಯ ವರ್ಷ ಎಡವಿದೆವು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುತ್ತದೆ. ಅದಕ್ಕೆಂದೇ ಎರೆಮಣ್ಣು ತೆಗೆಸಿ, ಗರಸು ತುಂಬಿಸಿ ರೋಲರ್ ಹೊಡೆಸಿ, ಮೇಲೆ ದಪ್ಪ ಜಿಯೋಟೆಕ್ಸ್‌ಟೈಲ್ (ಹಾಳೆಯನ್ನು ಕಲ್ಲಿನಿಂದ ಕಾಪಾಡುವ ಬಟ್ಟೆಯಂಥ ಹಾಸು) ಹಾಸಲು ಹೇಳಿದ್ದೆವು. ಗುತ್ತಿಗೆದಾರರು ಈಶಾನ್ಯ ಮೂಲೆಯಲ್ಲಿ ಅದನ್ನು ಹಾಕಿಯೇ ಇರಲಿಲ್ಲ. ಗರಸಿನಲ್ಲಿದ್ದ ಚೂಪು ಕಲ್ಲೊಂದು ದ್ರವದ ಭಾರಕ್ಕೆ ಹಾಳೆಯನ್ನು ತೂತುಮಾಡಿತ್ತು. ಪರೀಕ್ಷಾ ಕೊಳವೆಬಾವಿಯ ನೀರು ಚಹಾದ ಬಣ್ಣಕ್ಕೆ ತಿರುಗಿದ ಮೇಲೆ ನಮಗೆ ತಿಳಿಯಿತು. ಹೊಂಡದ ಕೆಳಗಿನ ಇಳಿಜಾರಿನಲ್ಲಿ ರೈತರ ಬಾವಿಗಳಿವೆ, ಅದರಾಚೆ ಘಟಪ್ರಭೆ. ಆ ವಾರ ನನಗೆ ನಿದ್ದೆ ಬರಲಿಲ್ಲ. ಹೊಂಡ ಖಾಲಿ ಮಾಡಿ, ಮೂಲೆಯನ್ನು ಬಿಚ್ಚಿ, ಕಲ್ಲು ಆರಿಸಿ, ಜಿಯೋಟೆಕ್ಸ್‌ಟೈಲ್ ಹಾಕಿ ತೇಪೆ ಬೆಸೆಸಿದೆವು. ಅಲ್ಲಿಂದೀಚೆಗೆ ಪರೀಕ್ಷೆಯ ನೀರು ತಿಳಿಯಾಗಿದೆ.

ಎರಡನೆಯ ಹೊಂಡಕ್ಕೂ ಇದೇ ಹಾಳೆಯನ್ನು ಆರಿಸಿದ್ದೇವೆ. ಈ ಬಾರಿ ಎರಡು ಪದರ, ನಡುವೆ ಸೋರಿದ್ದು ಹರಿದು ಗುಂಡಿಗೆ ಬೀಳುವಂತೆ ಪ್ಲಾಸ್ಟಿಕ್ ಜಾಲ. ಖರ್ಚು ಹೆಚ್ಚು, ಆದರೆ ಮೇಲಿನ ಪದರ ತೂತಾದರೆ ಕೊಳವೆಬಾವಿಗಿಂತ ಮೊದಲು ಆ ಗುಂಡಿಯೇ ನಮಗೆ ತಿಳಿಸುತ್ತದೆ.