ದಿ ಮಾರ್ನಿಂಗ್ ಶೋ: ಮೊದಲ ಸೀಸನ್‌ಗಾಗಿ ನಿದ್ದೆ ಬಿಡಬಹುದು

ನಾನು ಬೆಂಗಳೂರಿನ ಒಂದು ಕನ್ನಡ ನ್ಯೂಸ್ ಚಾನೆಲ್‌ನಲ್ಲಿ ಬೆಳಗಿನ ಬುಲೆಟಿನ್ ಮಾಡಿಸುತ್ತಿದ್ದವಳು. ಹಾಗಾಗಿ ಆಪಲ್ ಟಿವಿಯ 'ದಿ ಮಾರ್ನಿಂಗ್ ಶೋ' ನೋಡಲು ಕೂತಾಗ ಸ್ವಲ್ಪ ಕೊಂಕು ಹುಡುಕುವ ಮನಸ್ಸೇ ಇತ್ತು. ಟಿವಿ ಆಫೀಸನ್ನು ತೆರೆಯ ಮೇಲೆ ಸರಿಯಾಗಿ ತೋರಿಸುವವರು ಕಮ್ಮಿ. ಇವರು ತೋರಿಸಿದ್ದಾರೆ. ಊರೆಲ್ಲ ಮಲಗಿರುವಾಗ ಬಾಗಿಲಿಗೆ ಬರುವ ಕಾರು, ಮೇಕಪ್ ರೂಮಿನಲ್ಲೇ ಓಡುವ ಅರ್ಧ ರಾಜಕೀಯ, ಬುಲೆಟಿನ್ನಿನ ಸುದ್ದಿಗಳ ಪಟ್ಟಿ, ಅಂದರೆ ರನ್‌ಡೌನ್, ಕೊನೇ ನಿಮಿಷದಲ್ಲಿ ತಲೆಕೆಳಗಾಗುವುದು, ಎಲ್ಲ ಇದೆ. ನಮ್ಮಲ್ಲಿ ಆ ಹೊತ್ತಿಗೆ ಜ್ಯೋತಿಷಿಗಳು ಮೈಕ್ ಹಾಕಿಸಿಕೊಳ್ಳುತ್ತಿರುತ್ತಾರೆ, ನ್ಯೂಯಾರ್ಕ್‌ನವರಿಗೆ ಅಡುಗೆ ಮತ್ತು ಹವಾಮಾನ. ಅಷ್ಟೇ ವ್ಯತ್ಯಾಸ.

ಕಥೆ ಯುಬಿಎ ಅನ್ನುವ ಕಾಲ್ಪನಿಕ ಚಾನೆಲ್‌ನದು. ಹದಿನೈದು ವರ್ಷ ಜೊತೆಗೆ ಕೂತು ಶೋ ನಡೆಸಿದ ಮಿಚ್ ಕೆಸ್ಲರ್ (ಸ್ಟೀವ್ ಕರೆಲ್) ಲೈಂಗಿಕ ದುರ್ವರ್ತನೆಯ ದೂರಿನ ಮೇಲೆ ರಾತ್ರೋರಾತ್ರಿ ಕೆಲಸ ಕಳೆದುಕೊಳ್ಳುತ್ತಾನೆ. ಅವನ ಸಹ ನಿರೂಪಕಿ ಅಲೆಕ್ಸ್ (ಜೆನಿಫರ್ ಅನಿಸ್ಟನ್) ಬೆಳಿಗ್ಗೆ ಒಬ್ಬಳೇ ಕೂತು ಆ ಸುದ್ದಿಯನ್ನು ಜನಕ್ಕೆ ಹೇಳಬೇಕು. ಅವನ ಕುರ್ಚಿಗೆ ಬರುವವಳು ಬ್ರಾಡ್ಲಿ (ರೀಸ್ ವಿದರ್‌ಸ್ಪೂನ್), ಕಲ್ಲಿದ್ದಲು ಗಣಿ ವಿರುದ್ಧದ ಪ್ರತಿಭಟನೆಯಲ್ಲಿ ಕೂಗಾಡಿ ವೈರಲ್ ಆದ ರಿಪೋರ್ಟರ್. ನಿಜ ಜೀವನದಲ್ಲಿ ಇಂಥದ್ದೇ ದೂರಿನ ಮೇಲೆ ಅಮೆರಿಕದ ಎನ್‌ಬಿಸಿ ಚಾನೆಲ್‌ನ ಬೆಳಗಿನ 'ಟುಡೇ' ಶೋದಿಂದ ನಿರೂಪಕ ಮ್ಯಾಟ್ ಲಾವರ್‌ನನ್ನು ತೆಗೆದದ್ದು 2017ರ ನವೆಂಬರ್‌ನಲ್ಲಿ. ಈ ಸೀರೀಸ್‌ಗೆ ಆಪಲ್ ಅದಕ್ಕೂ ಮುಂಚೆಯೇ ಒಪ್ಪಿಗೆ ಕೊಟ್ಟಿತ್ತು. ಆ ಪ್ರಕರಣ ಆದಮೇಲೆ ಕಥೆಯನ್ನು ಹೊಸದಾಗಿ ಬರೆದರು.

ಎರಡನೇ ಎಪಿಸೋಡಿನಲ್ಲಿ ಒಂದು ಪ್ರಶಸ್ತಿ ಸಮಾರಂಭ ಬರುತ್ತದೆ. ಅಲೆಕ್ಸ್‌ಳನ್ನೇ ಮನೆಗೆ ಕಳಿಸಲು ಮೇಲಿನವರು ಒಳಗೊಳಗೇ ಲೆಕ್ಕ ಹಾಕುತ್ತಿದ್ದಾರೆ. ಅವಳು ವೇದಿಕೆ ಹತ್ತಿ, ಯಾರನ್ನೂ ಕೇಳದೆ, ಬ್ರಾಡ್ಲಿಯೇ ನನ್ನ ಹೊಸ ಜೊತೆಗಾತಿ ಅಂತ ಘೋಷಿಸಿಬಿಡುತ್ತಾಳೆ. ಅದು ಬ್ರಾಡ್ಲಿಗೂ ಗೊತ್ತಿಲ್ಲ! ಕ್ಯಾಮೆರಾಗಳ ಮುಂದೆ ಬಾಸ್‌ಗಳೆಲ್ಲ ಚಪ್ಪಾಳೆ ತಟ್ಟಲೇಬೇಕು. ನಾನು ಇಲ್ಲಿ ಸೋಫಾ ಮೇಲೆ ಕೂತೇ ಶಿಳ್ಳೆ ಹೊಡೆದೆ.

ಆದರೆ ಈ ಸೀರೀಸಿನ ನಿಜವಾದ ತೂಕ ಇರುವುದು ಎಂಟನೇ ಎಪಿಸೋಡಿನಲ್ಲಿ. ಅದು ಹಿಂದಕ್ಕೆ ಹೋಗುತ್ತದೆ, 2017ರ ಅಕ್ಟೋಬರ್‌ನ ಲಾಸ್ ವೇಗಸ್ ಗುಂಡಿನ ದಾಳಿಯ ವರದಿಗೆ ತಂಡ ಹೋದ ದಿನಗಳಿಗೆ. ಹ್ಯಾನಾ ಅನ್ನುವ ಹುಡುಗಿ ಅತಿಥಿಗಳನ್ನು ಗೊತ್ತುಮಾಡುವ ಕೆಲಸದವಳು. ನಮ್ಮಲ್ಲಿ ಇದನ್ನು ಗೆಸ್ಟ್ ಕೋಆರ್ಡಿನೇಷನ್ ಅಂತೀವಿ. ಹಗಲೆಲ್ಲ ಕಣ್ಣೀರು ಹಾಕುವವರ ಜೊತೆ ಮಾತಾಡಿ ಸೋತುಹೋದವಳಿಗೆ ಮಿಚ್ ಸಮಾಧಾನ ಹೇಳುತ್ತಾನೆ. ಆಮೇಲೆ ಅವನ ಹೋಟೆಲ್ ರೂಮು. ಕೂಗಾಟ ಇಲ್ಲ, ತಳ್ಳಾಟ ಇಲ್ಲ. ಕ್ಯಾಮೆರಾ ಅವಳ ಮುಖ ಬಿಟ್ಟು ಕದಲುವುದಿಲ್ಲ, ಅವಳು ಮರಗಟ್ಟಿ ಹೋಗಿದ್ದಾಳೆ. ಅವನಿಗೆ ಮಾತ್ರ ತಾನು ತಪ್ಪು ಮಾಡಿದೆ ಅಂತ ಕೊನೆವರೆಗೂ ಅನ್ನಿಸುವುದೇ ಇಲ್ಲ. ಮುಂದೆ ಅವಳು ದೊಡ್ಡ ಬಾಸ್ ಹತ್ತಿರ ಹೇಳಿಕೊಳ್ಳಲು ಹೋಗುತ್ತಾಳೆ. ವಾಪಸ್ ಬರುವಾಗ ಕೈಯಲ್ಲಿ ಪ್ರಮೋಷನ್ ಇರುತ್ತದೆ.

ಆಫೀಸಿನಲ್ಲಿ ವಿಷಯ ಗೊತ್ತಿದ್ದವರು ಎಷ್ಟು ಜನ, ಗೊತ್ತಿದ್ದೂ ಸುಮ್ನೆ ಇದ್ದವರಿಗೆ ಏನೇನು ಸಿಕ್ಕಿತು ಅನ್ನುವ ಲೆಕ್ಕ ಇಲ್ಲಿದೆ. ಅಲೆಕ್ಸ್‌ಗೂ ಅದರಿಂದ ರಿಯಾಯಿತಿ ಇಲ್ಲ. ನಮ್ಮ ದೇಶದಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಜನಕ್ಕಿಂತ ಕಮ್ಮಿ ಇಲ್ಲದ ಕಚೇರಿಯಲ್ಲೆಲ್ಲ ಇಂಥ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಸಮಿತಿಯ ಹೆಸರುಗಳನ್ನು ನೋಟಿಸ್ ಬೋರ್ಡಲ್ಲಿ ಹಾಕಿರುತ್ತಾರೆ. ಆದರೂ ಯಾವ ಸೀನಿಯರ್ ಜೊತೆ ಒಬ್ಬಳೇ ಲಿಫ್ಟ್ ಹತ್ತಬಾರದು ಅನ್ನುವುದನ್ನು ಹೊಸ ಹುಡುಗಿಗೆ ಕ್ಯಾಂಟೀನಿನಲ್ಲಿ ಇನ್ನೊಬ್ಬಳು ಪಿಸುಮಾತಲ್ಲೇ ಹೇಳಬೇಕು, ಅಲ್ವಾ?

ಇದು 2019ರ ನವೆಂಬರ್ 1ಕ್ಕೆ ಬಂದಾಗ ಮೊದಲ ಮೂರು ಎಪಿಸೋಡ್ ಒಟ್ಟಿಗೆ ಬಿಟ್ಟು, ಆಮೇಲೆ ವಾರಕ್ಕೊಂದರಂತೆ ಬಿಟ್ಟರು. ಈಗ ಒಂದೇ ಗುಕ್ಕಿಗೆ ನೋಡುವವರಿಗೇ ಲಾಭ. ಏಳು ಎಪಿಸೋಡ್ ಮಿಚ್‌ನ ನಗು, ಹಾಸ್ಯ ನೋಡಿ ಅಯ್ಯೋ ಪಾಪ ಅನ್ನಿಸಿರುತ್ತದೆ. ಆ ಕನಿಕರ ಆರುವ ಮೊದಲೇ ಎಂಟನೆಯದು ಬಂದು ಕೆನ್ನೆಗೆ ಬಾರಿಸುತ್ತದೆ.

ನಟನೆಯಲ್ಲಿ ನನ್ನ ಮೆಚ್ಚಿನವನು ಚಾನೆಲ್ಲಿನ ಸುದ್ದಿ ವಿಭಾಗದ ಹೊಸ ಮುಖ್ಯಸ್ಥ ಕೋರಿ ಎಲಿಸನ್ ಆಗಿರುವ ಬಿಲ್ಲಿ ಕ್ರುಡಪ್. ಚಾನೆಲ್ ಹೊತ್ತಿ ಉರಿಯುವಾಗ ಮದುವೆ ಮನೆಗೆ ಬಂದವನ ಹಾಗೆ ನಗುತ್ತಿರುತ್ತಾನೆ. ಈ ಪಾತ್ರಕ್ಕೆ 2020ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಸಿಕ್ಕಿತು. ಕೊನೇ ಎಪಿಸೋಡಿನಲ್ಲಿ ಆಂಕರ್‌ಗಳು ಪ್ರಾಂಪ್ಟರ್ (ಓದಬೇಕಾದ ಸಾಲುಗಳನ್ನು ತೋರಿಸುವ ಪರದೆ) ಬಿಟ್ಟು ಮಾತಾಡಲು ಶುರು ಮಾಡಿದಾಗ ಕಂಟ್ರೋಲ್ ರೂಮಿನವರ ಮುಖಗಳನ್ನು ನೋಡಿ. ಇಂಥ ಕಂಟ್ರೋಲ್ ರೂಮಿನಲ್ಲಿ (ನಮ್ಮ ಭಾಷೆಯಲ್ಲಿ ಪಿಸಿಆರ್) ಕೂತವರಿಗೆ ಆ ಹೊಟ್ಟೆ ಕಿವುಚುವ ಕ್ಷಣ ಗೊತ್ತು.

ಕೊರತೆ ಇಲ್ಲವೇ? ಭಾಷಣ ಜಾಸ್ತಿ. ಎಲ್ಲರೂ ಎಲ್ಲರಿಗೂ ಕಾರಿಡಾರಿನಲ್ಲಿ ನಿಂತು ಉಪದೇಶ ಮಾಡುತ್ತಾರೆ. ಎರಡನೇ ಸೀಸನ್ ಕೋವಿಡ್ ಮತ್ತು ಇಟಲಿ ಅಂತ ಎಳೆದಾಡಿದೆ. ಮೂರನೆಯದರಲ್ಲಿ ಚಾನೆಲ್ ಕೊಳ್ಳಲು ಬರುವ ಕೋಟ್ಯಧಿಪತಿಯಾಗಿ ಜಾನ್ ಹ್ಯಾಮ್ ಇದ್ದಾನೆ, ರಾಕೆಟ್ ಹಾರುತ್ತದೆ. ಮಜಾ ಇದೆ, ಆದರೆ ಅದು ನಮ್ಮ ಸಂಜೆ ಧಾರಾವಾಹಿಗಳ ದುಡ್ಡಿರುವ ತಂಗಿ.

ತಿಂಗಳಿಗೆ 99 ರೂಪಾಯಿಗೆ ನಾನು ತೆಗೆದುಕೊಂಡೆ. ಮೊದಲ ಸೀಸನ್ನಿನ ಹತ್ತು ಎಪಿಸೋಡಿಗೇ ಆ ದುಡ್ಡು ಸಂದಿತು. ಬೈಗುಳ ಧಾರಾಳ, ಮಕ್ಕಳು ಮಲಗಿದ ಮೇಲೆ ಹಾಕಿ. ಏಳನೆಯದು ಮುಗಿದಾಗ ರಾತ್ರಿ ಹನ್ನೆರಡಾಗಿದ್ದರೆ ನಿಲ್ಲಿಸಿ, ಎಂಟನೆಯದನ್ನು ಮಾರನೇ ದಿನಕ್ಕೆ ಇಟ್ಟುಕೊಳ್ಳಿ. ಅದನ್ನು ನೋಡಿದ ಮೇಲೆ ನನಗಂತೂ ನಿದ್ದೆ ಬರಲಿಲ್ಲ.